ವಾ ಮಿಂಗ್ ಚಾಂಗ್

ವಾ ಮಿಂಗ್ ಚಾಂಗ್ (ಆಗಸ್ಟ್ ೨, ೧೯೧೭ – ಡಿಸೆಂಬರ್ ೨೨, ೨೦೦೩) ಚೀನಿ ಮೂಲದ ಅಮೆರಿಕನ್ ಶಿಲ್ಪಿ, ವಿನ್ಯಾಸಕಾರ ಹಾಗೂ ಚಲನಚಿತ್ರಗಳ ರಂಗಪರಿಕರ ತಯಾರಕ. ೧೯೬೬ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ದೂರದರ್ಶನ ಧಾರಾವಾಹಿಗಾಗಿ ಅವರು ತಯಾರಿಸಿದ ಫೇಸರ್ ಆಯುಧ, ಕಮ್ಯುನಿಕೇಟರ್ ಮತ್ತು ಟ್ರೈಕಾರ್ಡರ್‌ಗಳು ವೈಜ್ಞಾನಿಕ ಕಥಾಚಿತ್ರಗಳ ಪರಿಕರಗಳಲ್ಲಿ ಅತ್ಯಂತ ಪರಿಚಿತವಾದವು. ವಾಲ್ಟ್ ಡಿಸ್ನಿ ಸಂಸ್ಥೆಯ 'ಪಿನೋಕಿಯೊ' ಮತ್ತು 'ಬ್ಯಾಂಬಿ', ಜಾರ್ಜ್ ಪಾಲ್ ಅವರ 'ದಿ ಟೈಮ್ ಮಷೀನ್' ಮೊದಲಾದ ಚಿತ್ರಗಳಲ್ಲಿಯೂ ಅವರ ಕೆಲಸವಿದೆ. ತಾರುಣ್ಯದಲ್ಲಿಯೇ ಪೋಲಿಯೊ ತಗುಲಿ ಕಾಲುಗಳ ಬಲವನ್ನು ಕಳೆದುಕೊಂಡರೂ ಅವರು ಆರು ದಶಕಗಳಿಗೂ ಮಿಗಿಲಾದ ಕಾಲ ಕಲಾಕೃತಿಗಳನ್ನು ರಚಿಸಿದರು. ಅವರ ಕೈಕೆಲಸವನ್ನು ಕೋಟ್ಯಂತರ ಜನರು ನೋಡಿದ್ದರೂ ಅದರ ಹಿಂದಿನ ಹೆಸರು ಬಹುಕಾಲ ಅಜ್ಞಾತವಾಗಿಯೇ ಉಳಿಯಿತು.

ಬಾಲ್ಯ ಮತ್ತು ಶಿಕ್ಷಣ

ಚಾಂಗ್ ಅವರು ಹವಾಯಿ ದ್ವೀಪಗಳ ಹೊನೊಲುಲು ನಗರದಲ್ಲಿ ಜನಿಸಿದರು. ಅವರು ಮಗುವಾಗಿದ್ದಾಗಲೇ ಕುಟುಂಬವು ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ನೆಲೆಸಿತು. ತಂದೆತಾಯಿಗಳು ಅಲ್ಲಿ 'ಹೋ ಹೋ ಟೀ ರೂಮ್' ಎಂಬ ಚಹಾ ಮಂದಿರವನ್ನು ನಡೆಸುತ್ತಿದ್ದರು. ನಗರದ ಚಿತ್ರಕಾರರು, ಮುದ್ರಣ ಕಲಾವಿದರು ಮತ್ತು ರಂಗಕರ್ಮಿಗಳು ಸೇರುತ್ತಿದ್ದ ಸ್ಥಳವದು. ತಾಯಿ ಫಾಯ್ ಸೂ ಚಾಂಗ್ ಸ್ವತಃ ಕಲಾಶಿಕ್ಷಣ ಪಡೆದವರು. ಹೀಗಾಗಿ ಬಾಲಕನಿಗೆ ಕಲೆಯ ಪರಿಸರವು ಮನೆಯಲ್ಲಿಯೇ ಒದಗಿಬಂದಿತು.

ಚಹಾ ಮಂದಿರಕ್ಕೆ ಬರುತ್ತಿದ್ದವರಲ್ಲಿ ಬ್ಲಾಂಡಿಂಗ್ ಸ್ಲೋನ್ ಎಂಬ ಕಲಾವಿದರೂ ಒಬ್ಬರು. ಅವರು ಲೋಹದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವ ಕಲೆಯಲ್ಲಿಯೂ ರಂಗವಿನ್ಯಾಸದಲ್ಲಿಯೂ ನುರಿತವರಾಗಿದ್ದರು. ಹುಡುಗನ ಕೈಚಳಕವನ್ನು ಗಮನಿಸಿದ ಸ್ಲೋನ್ ಅವನಿಗೆ ಈ ಕಲೆಯನ್ನು ಹೇಳಿಕೊಟ್ಟರು. ಹತ್ತು ವರ್ಷ ತುಂಬುವ ಮೊದಲೇ ಚಾಂಗ್ ಅವರ ಅಚ್ಚುಚಿತ್ರಗಳು ಪ್ರದರ್ಶನಗೊಂಡು, ಪತ್ರಿಕೆಗಳು ಅವರನ್ನು ಬಾಲಪ್ರತಿಭೆಯೆಂದು ಗುರುತಿಸಿದವು. ತಾಯಿ ಅಕಾಲದಲ್ಲಿ ತೀರಿಕೊಂಡ ಬಳಿಕ ಸ್ಲೋನ್ ದಂಪತಿಗಳು ಬಾಲಕನ ಪೋಷಕರಾದರು. ಸ್ಲೋನ್ ಅವರ ಸೂತ್ರದ ಗೊಂಬೆಯಾಟದ ರಂಗದಲ್ಲಿ ಗೊಂಬೆ ಕೆತ್ತುವುದು, ಕೀಲು ಜೋಡಿಸುವುದು, ಬಣ್ಣ ಹಚ್ಚುವುದು, ಬೆಳಕು ಹೊಂದಿಸುವುದು ಇವೆಲ್ಲವೂ ಅವರಿಗೆ ಅಭ್ಯಾಸವಾದವು. ವಿಶ್ವವಿದ್ಯಾಲಯದ ಪದವಿಗಿಂತ ಈ ಗುರುಕುಲ ಮಾದರಿಯ ಶಿಕ್ಷಣವೇ ಅವರ ವೃತ್ತಿಗೆ ತಳಹದಿಯಾಯಿತು.

ಡಿಸ್ನಿ ಸಂಸ್ಥೆಯಲ್ಲಿ

೧೯೩೯ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಚಾಂಗ್ ವಾಲ್ಟ್ ಡಿಸ್ನಿ ಸಂಸ್ಥೆಯ ಮಾದರಿ ತಯಾರಿಕಾ ವಿಭಾಗವನ್ನು ಸೇರಿದರು. ಅಲ್ಲಿನ ಅತಿ ಕಿರಿಯ ಕಲಾವಿದರಲ್ಲಿ ಅವರೂ ಒಬ್ಬರು. ಕೈಬರಹದ ಅನಿಮೇಷನ್ ಚಿತ್ರದಲ್ಲಿ ಒಂದೇ ಪಾತ್ರವನ್ನು ಹಲವು ಕಲಾವಿದರು ಹಲವು ಕೋನಗಳಿಂದ ಬರೆಯಬೇಕಾಗುತ್ತದೆ. ಎಲ್ಲರ ರೇಖೆಗಳಲ್ಲಿಯೂ ಪಾತ್ರದ ಆಕಾರ ಒಂದೇ ಆಗಿರಬೇಕಾದರೆ ಅವರ ಮುಂದೆ ಮೂರು ಆಯಾಮಗಳ ಮಾದರಿ ಇರಬೇಕು. ಇಂತಹ ಮಾದರಿಗಳನ್ನು ತಯಾರಿಸುವುದೇ ಈ ವಿಭಾಗದ ಕೆಲಸವಾಗಿತ್ತು.

ಚಾಂಗ್ ಅವರು 'ಪಿನೋಕಿಯೊ' ಚಿತ್ರಕ್ಕಾಗಿ ಮರದ ಗೊಂಬೆಯ ಮಾದರಿಯನ್ನೂ 'ಬ್ಯಾಂಬಿ' ಚಿತ್ರಕ್ಕಾಗಿ ಕೀಲುಗಳುಳ್ಳ ಜಿಂಕೆಯ ಮಾದರಿಯನ್ನೂ ತಯಾರಿಸಿದರು. ಜಿಂಕೆಯ ಮಾದರಿಯ ಕಾಲು ಕುತ್ತಿಗೆಗಳನ್ನು ನಿಜವಾದ ಪ್ರಾಣಿಯಂತೆಯೇ ಬಾಗಿಸಬಹುದಾಗಿತ್ತು. ಪ್ರಾಣಿಯ ಅಸ್ಥಿಪಂಜರ ಹೇಗೆ ಚಲಿಸುತ್ತದೆ ಎಂಬುದರ ಈ ಅಧ್ಯಯನವು ಮುಂದೆ ಅವರು ರೂಪಿಸಿದ ಕಾಲ್ಪನಿಕ ಜೀವಿಗಳಲ್ಲಿ ಉಪಯೋಗಕ್ಕೆ ಬಂದಿತು.

ಅನಾರೋಗ್ಯ ಮತ್ತು ವಿವಾಹ

ಡಿಸ್ನಿ ಸಂಸ್ಥೆಯನ್ನು ಸೇರಿದ ಸ್ವಲ್ಪ ಕಾಲದಲ್ಲಿಯೇ ಚಾಂಗ್ ಅವರಿಗೆ ಪೋಲಿಯೊ ತಗುಲಿತು. ಆ ಕಾಲಕ್ಕೆ ಈ ರೋಗಕ್ಕೆ ಲಸಿಕೆ ಇರಲಿಲ್ಲ. ಪರಿಣಾಮಕಾರಿಯಾದ ಮೊದಲ ಲಸಿಕೆ ಬಳಕೆಗೆ ಬಂದದ್ದು ೧೯೫೫ರಲ್ಲಿ. ತಿಂಗಳುಗಳ ಕಾಲ ಆಸ್ಪತ್ರೆಯಲ್ಲಿದ್ದ ಅವರು ಚೇತರಿಸಿಕೊಂಡರೂ ಕಾಲುಗಳು ಮೊದಲಿನ ಶಕ್ತಿಯನ್ನು ಪಡೆಯಲಿಲ್ಲ. ಲೋಹದ ಆಧಾರಪಟ್ಟಿಗಳನ್ನು ಕಟ್ಟಿಕೊಂಡು ನಡೆಯುವುದನ್ನು ರೂಢಿಸಿಕೊಂಡ ಅವರು, ಕುಳಿತು ಮಾಡಬಹುದಾದ ಸೂಕ್ಷ್ಮ ಕೈಕೆಲಸದಲ್ಲಿ ಇನ್ನಷ್ಟು ಪಳಗಿದರು.

೧೯೪೧ರಲ್ಲಿ ಅವರು ಗ್ಲೆನೆಲ್ಲಾ ಟೇಲರ್ ಅವರನ್ನು ವಿವಾಹವಾದರು. ಗ್ಲೆನ್ ಎಂದೇ ಪರಿಚಿತರಾದ ಇವರು ಶ್ವೇತವರ್ಣೀಯರು. ಏಷ್ಯಾ ಮೂಲದವರು ಮತ್ತು ಶ್ವೇತವರ್ಣೀಯರ ನಡುವಣ ವಿವಾಹವನ್ನು ಕ್ಯಾಲಿಫೋರ್ನಿಯಾದ ಕಾನೂನು ಆಗ ನಿಷೇಧಿಸಿದ್ದರಿಂದ ದಂಪತಿಗಳು ಟೆಕ್ಸಾಸ್ ರಾಜ್ಯದಲ್ಲಿ ಮದುವೆಯಾಗಬೇಕಾಯಿತು. ಆ ಕಾನೂನನ್ನು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ೧೯೪೮ರಲ್ಲಿ ರದ್ದುಗೊಳಿಸಿತು. ಗ್ಲೆನ್ ಅವರು ಪತಿಯ ಕಲಾಜೀವನಕ್ಕೆ ಕೊನೆಯವರೆಗೂ ಸಹಭಾಗಿಯಾಗಿದ್ದರು.

ಜಾರ್ಜ್ ಪಾಲ್ ಮತ್ತು ಪ್ರಾಜೆಕ್ಟ್ಸ್ ಅನ್‌ಲಿಮಿಟೆಡ್

೧೯೪೦ರ ದಶಕದಲ್ಲಿ ಚಾಂಗ್ ಅವರು ಹಂಗೇರಿ ಮೂಲದ ನಿರ್ಮಾಪಕ ಜಾರ್ಜ್ ಪಾಲ್ ಅವರ 'ಪಪೆಟೂನ್' ಗೊಂಬೆಚಿತ್ರಗಳಿಗೆ ಕೆಲಸ ಮಾಡಿದರು. ಈ ಚಿತ್ರಗಳಲ್ಲಿ ಒಂದೇ ಗೊಂಬೆಯನ್ನು ಅಲುಗಾಡಿಸುವ ಬದಲು ಪ್ರತಿಯೊಂದು ಭಂಗಿಗೂ ಬೇರೆ ಬೇರೆ ತಲೆ, ಕಾಲುಗಳನ್ನು ಮರದಲ್ಲಿ ಕೆತ್ತಿ, ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟು ಒಂದೊಂದೇ ಚೌಕಟ್ಟನ್ನು ಚಿತ್ರೀಕರಿಸಲಾಗುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ತೆರೆಯ ಮೇಲೆ ಗೊಂಬೆ ನಡುಗಿದಂತೆ ಕಾಣುತ್ತಿದ್ದುದರಿಂದ ಇಲ್ಲಿ ಅಳತೆಯ ನಿಖರತೆ ಅತ್ಯಗತ್ಯವಾಗಿತ್ತು.

ಮುಂದೆ ಚಾಂಗ್, ಜೀನ್ ವಾರನ್ ಮತ್ತು ಟಿಮ್ ಬಾರ್ ಸೇರಿ 'ಪ್ರಾಜೆಕ್ಟ್ಸ್ ಅನ್‌ಲಿಮಿಟೆಡ್' ಎಂಬ ಸಂಸ್ಥೆಯನ್ನು ನಡೆಸಿದರು. ಮುಖವಾಡ, ರಾಕ್ಷಸಾಕೃತಿ, ಚಿಕ್ಕ ಪ್ರಮಾಣದ ಕಟ್ಟಡ, ವಾಹನಗಳ ಮಾದರಿ ಹೀಗೆ ಚಿತ್ರನಿರ್ಮಾಪಕರು ಕೇಳಿದ್ದನ್ನೆಲ್ಲ ಈ ಸಂಸ್ಥೆ ತಯಾರಿಸಿಕೊಡುತ್ತಿತ್ತು. 'ದಿ ಕಿಂಗ್ ಅಂಡ್ ಐ' (೧೯೫೬) ಚಿತ್ರದ ನೃತ್ಯದ ಮುಖವಾಡಗಳೂ 'ಕ್ಲಿಯೋಪಾತ್ರ' (೧೯೬೩) ಚಿತ್ರದಲ್ಲಿ ಎಲಿಜಬೆತ್ ಟೇಲರ್ ಧರಿಸಿದ ಶಿರೋಭೂಷಣವೂ ಚಾಂಗ್ ಅವರ ಕೃತಿಗಳೆಂದು ಪ್ರಸಿದ್ಧವಾಗಿವೆ. ೧೯೬೩ರಿಂದ ೧೯೬೫ರವರೆಗೆ ಪ್ರಸಾರವಾದ 'ದಿ ಔಟರ್ ಲಿಮಿಟ್ಸ್' ಧಾರಾವಾಹಿಯ ವಿಚಿತ್ರ ಜೀವಿಗಳನ್ನು ಇದೇ ಸಂಸ್ಥೆ ರೂಪಿಸಿತು. ಮನುಷ್ಯಮುಖದ ಇರುವೆಗಳಂತಿದ್ದ 'ಜಾಂಟಿ' ಜೀವಿಗಳು ಅವುಗಳಲ್ಲಿ ಹೆಸರಾದವು.

ಎಚ್. ಜಿ. ವೆಲ್ಸ್ ಅವರ ಕಾದಂಬರಿಯನ್ನು ಆಧರಿಸಿದ 'ದಿ ಟೈಮ್ ಮಷೀನ್' (೧೯೬೦) ಚಿತ್ರದ ವಿಶೇಷ ಪರಿಣಾಮಗಳಿಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಆದರೆ ಪ್ರಶಸ್ತಿಯು ಜೀನ್ ವಾರನ್ ಮತ್ತು ಟಿಮ್ ಬಾರ್ ಅವರ ಹೆಸರಿನಲ್ಲಿ ಮಾತ್ರ ದಾಖಲಾಯಿತು. ಅದೇ ಕೆಲಸದಲ್ಲಿ ಪಾಲುಗೊಂಡಿದ್ದ ಚಾಂಗ್ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ.

ಸ್ಟಾರ್ ಟ್ರೆಕ್

ಹಿನ್ನೆಲೆ

ಜೀನ್ ರಾಡನ್‌ಬೆರಿ ಅವರು ರೂಪಿಸಿದ 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ದೆಸಿಲು ಸಂಸ್ಥೆ ನಿರ್ಮಿಸಿತು. 'ದಿ ಕೇಜ್' ಎಂಬ ಮೊದಲ ಪ್ರಾಯೋಗಿಕ ಕಂತಿನಲ್ಲಿ ಬರುವ ದೊಡ್ಡ ತಲೆಯ ಟಲೋಸಿಯನ್ ಜೀವಿಗಳ ಶಿರಗಳನ್ನು ಚಾಂಗ್ ತಯಾರಿಸಿದರು. ಆ ಕಂತಿನಲ್ಲಿ ಪಾತ್ರಗಳ ಕೈಯಲ್ಲಿದ್ದುದು 'ಲೇಸರ್' ಪಿಸ್ತೂಲು. ಎರಡನೆಯ ಪ್ರಾಯೋಗಿಕ ಕಂತಿಗಾಗಿ ಆಟಿಕೆಗಳ ವಿನ್ಯಾಸಕಾರ ರೂಬೆನ್ ಕ್ಲಾಮರ್ ಅವರು ದೊಡ್ಡ ಬಂದೂಕೊಂದನ್ನು ರೂಪಿಸಿಕೊಟ್ಟರು. ಲೇಸರ್ ಕಿರಣವನ್ನು ಪ್ರಯೋಗಾಲಯದಲ್ಲಿ ಮೊದಲು ಉತ್ಪಾದಿಸಿದ್ದು ೧೯೬೦ರಲ್ಲಿ. ಅದರ ಮಿತಿಗಳನ್ನು ಪ್ರೇಕ್ಷಕರು ಬೇಗನೆ ಅರಿತುಕೊಂಡಾರು ಎಂಬ ಶಂಕೆಯಿಂದ ಧಾರಾವಾಹಿಯ ಆಯುಧಕ್ಕೆ 'ಫೇಸರ್' ಎಂಬ ಹೊಸ ಹೆಸರನ್ನು ಸೃಷ್ಟಿಸಲಾಯಿತು.

೧೯೬೬ರಲ್ಲಿ ಧಾರಾವಾಹಿಯ ನಿಯತ ಚಿತ್ರೀಕರಣಕ್ಕೆ ಸಿದ್ಧತೆ ನಡೆದಾಗ ಸಂಸ್ಥೆಯ ಪರಿಕರ ವಿಭಾಗವು ತಯಾರಿಸಿದ ಆಯುಧಗಳು ನಿರ್ಮಾಪಕರಿಗೆ ಒಪ್ಪಿಗೆಯಾಗಲಿಲ್ಲ. ಆಗ ಕೆಲಸವನ್ನು ಚಾಂಗ್ ಅವರಿಗೆ ವಹಿಸಲಾಯಿತು.

ಫೇಸರ್

ಫೇಸರ್ ಒಬ್ಬರೇ ವ್ಯಕ್ತಿಯ ಕಲ್ಪನೆಯಲ್ಲ. ಕಲಾ ನಿರ್ದೇಶಕ ಮ್ಯಾಟ್ ಜೆಫ್ರೀಸ್ ಅವರ ರೇಖಾಚಿತ್ರಗಳೂ ನಿರ್ಮಾಪಕರ ಸೂಚನೆಗಳೂ ಅದರ ಹಿಂದಿವೆ. ಆ ಕಲ್ಪನೆಗಳಿಗೆ ಕೈಯಲ್ಲಿ ಹಿಡಿಯಬಹುದಾದ ನಿಶ್ಚಿತ ಆಕಾರ ನೀಡಿದ್ದು ಚಾಂಗ್ ಅವರ ಕುಶಲತೆ.

ಈ ಆಯುಧದಲ್ಲಿ ಎರಡು ಭಾಗಗಳಿವೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಹಿಡಿಯಿಲ್ಲದ ಮೊದಲನೆಯ ಘಟಕವನ್ನು ಪ್ರತ್ಯೇಕವಾಗಿಯೂ ಬಳಸಬಹುದು. ಅದನ್ನೇ ಹಿಡಿ ಮತ್ತು ನಳಿಗೆಯುಳ್ಳ ದೊಡ್ಡ ಘಟಕದ ಮೇಲೆ ಕೂರಿಸಿದರೆ ಹೆಚ್ಚು ಶಕ್ತಿಯ ಪಿಸ್ತೂಲಾಗುತ್ತದೆ. ಈ ವಿನ್ಯಾಸದಲ್ಲಿ ಕಥೆಯ ಅಗತ್ಯವೂ ಅಡಗಿದೆ. ಸ್ನೇಹದ ಭೇಟಿಗೆ ಹೋಗುವ ನಾವಿಕರು ಕಾಣುವಂತೆ ಬಂದೂಕು ಧರಿಸುವುದು ಉಚಿತವಲ್ಲ. ಅಂತಹ ಸಂದರ್ಭಕ್ಕೆ ಚಿಕ್ಕ ಘಟಕ, ಅಪಾಯದ ಸಂದರ್ಭಕ್ಕೆ ಪೂರ್ಣ ಆಯುಧ. ಎದುರಾಳಿಯನ್ನು ಕೊಲ್ಲದೆ ಮೂರ್ಛೆಗೊಳಿಸುವ ವ್ಯವಸ್ಥೆಯೂ ಫೇಸರ್‌ಗೆ ಇರುವುದರಿಂದ ಅದರ ಮೇಲೆ ತಿರುಗಿಸಿ ಹೊಂದಿಸುವ ಗುಂಡಿಗಳು ಬೇಕಾದವು. ನಟನು ಗುಂಡಿ ತಿರುಗಿಸುವುದನ್ನು ಕಂಡ ಪ್ರೇಕ್ಷಕನಿಗೆ ಮಾತಿಲ್ಲದೆಯೇ ಅರ್ಥವಾಗುತ್ತಿತ್ತು. ಆಯುಧದಿಂದ ಹೊಮ್ಮುವ ಕಿರಣವನ್ನು ಮಾತ್ರ ಚಿತ್ರೀಕರಣದ ಬಳಿಕ ಫಿಲ್ಮಿನ ಮೇಲೆ ಸೇರಿಸಲಾಗುತ್ತಿತ್ತು.

ಕಮ್ಯುನಿಕೇಟರ್ ಮತ್ತು ಟ್ರೈಕಾರ್ಡರ್

ಕಮ್ಯುನಿಕೇಟರ್ ನೌಕೆಯೊಡನೆ ಮಾತನಾಡಲು ಬಳಸುವ ಅಂಗೈಯಗಲದ ಕಪ್ಪು ಪೆಟ್ಟಿಗೆ. ಮಣಿಕಟ್ಟನ್ನು ಕೊಂಚ ಕೊಡವಿದರೆ ಚಿನ್ನದ ಬಣ್ಣದ ಜಾಲರಿಯ ಮುಚ್ಚಳ ಮೇಲೆದ್ದು ಆಂಟೆನಾದಂತೆ ನಿಲ್ಲುತ್ತಿತ್ತು. ಒಳಗಡೆ ವೃತ್ತಾಕಾರದ ರೇಖಾವಿನ್ಯಾಸವುಳ್ಳ ಫಲಕವಿತ್ತು. ಸಮೀಪದ ದೃಶ್ಯಗಳಿಗೆಂದು ತಯಾರಿಸಿದ ಪ್ರತಿಯಲ್ಲಿ ಅದು ತಿರುಗಿದಾಗ ರೇಖೆಗಳು ಅಲೆಯಲೆಯಾಗಿ ಸರಿಯುವಂತೆ ತೋರುತ್ತಿದ್ದವು. ವಿದ್ಯುನ್ಮಾನ ತೆರೆಗಳು ದುರ್ಲಭವಾಗಿದ್ದ ಕಾಲದಲ್ಲಿ ಇಷ್ಟು ಸರಳವಾದ ಯಂತ್ರತಂತ್ರದಿಂದ ಉಪಕರಣವು ಸಜೀವವಾಗಿದೆಯೆಂಬ ಭ್ರಮೆ ಹುಟ್ಟುತ್ತಿತ್ತು.

ಟ್ರೈಕಾರ್ಡರ್ ಪರಿಸರವನ್ನು ಪರೀಕ್ಷಿಸಿ ಮಾಹಿತಿಯನ್ನು ದಾಖಲಿಸುವ ಉಪಕರಣ. ಹೆಗಲಿಗೆ ಪಟ್ಟಿಯಿಂದ ತೂಗುಹಾಕಿಕೊಳ್ಳುವ ಇದಕ್ಕೆ ಮೇಲ್ಭಾಗದಲ್ಲಿ ತೆರೆದುಕೊಳ್ಳುವ ಮುಚ್ಚಳ, ಪುಟ್ಟ ಪರದೆ ಮತ್ತು ಕೆಳಭಾಗದಲ್ಲಿ ಸಣ್ಣ ಖಾನೆಗಳಿವೆ. ಆ ಕಾಲದ ಒಯ್ಯಬಲ್ಲ ಟೇಪ್ ರೆಕಾರ್ಡರ್ ಕಂಡವರಿಗೆ ಅದರ ಹೋಲಿಕೆ ಕೂಡಲೇ ತಿಳಿಯುತ್ತದೆ.

ಜೀವಿಗಳು ಮತ್ತು ನೌಕೆ

೧೯೬೬ರ ಸೆಪ್ಟೆಂಬರ್ ೮ರಂದು ಪ್ರಸಾರವಾದ ಮೊದಲ ಕಂತಿನಲ್ಲಿ ಬರುವ ಉಪ್ಪು ಹೀರುವ ಪ್ರಾಣಿ, 'ಅರೀನಾ' ಕಂತಿನ ಹಲ್ಲಿಯಾಕಾರದ ಗಾರ್ನ್, ಬೇಲಾಕ್ ಎಂಬ ಭಯಂಕರ ಮುಖದ ಬೊಂಬೆ ಇವು ಚಾಂಗ್ ಅವರ ಸೃಷ್ಟಿಗಳು. ಬೇಲಾಕ್ ಮುಖವು ಧಾರಾವಾಹಿಯ ಅಂತ್ಯದ ನಾಮಾವಳಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ರೊಮುಲನ್ ಜನಾಂಗದ ಯುದ್ಧನೌಕೆಯ ಮಾದರಿಯನ್ನೂ ಅವರೇ ನಿರ್ಮಿಸಿದರು. ಅದರ ಅಡಿಭಾಗದಲ್ಲಿ ರೆಕ್ಕೆ ಹರಡಿದ ಬೇಟೆಹಕ್ಕಿಯ ಚಿತ್ರವಿತ್ತು.

ಕಾರ್ಮಿಕ ಸಂಘದ ತಕರಾರು

ಹಾಲಿವುಡ್‌ನ ಚಿತ್ರಸಂಸ್ಥೆಗಳಲ್ಲಿ ಪರಿಕರಗಳನ್ನು ಕಾರ್ಮಿಕ ಸಂಘದ ಸದಸ್ಯರೇ ತಯಾರಿಸಬೇಕೆಂಬ ನಿಯಮವಿತ್ತು. ಚಾಂಗ್ ಆ ಸಂಘದ ಸದಸ್ಯರಾಗಿರಲಿಲ್ಲ. ಅವರು ತಯಾರಿಸಿದ ವಸ್ತುಗಳು ಸೆಟ್ಟಿಗೆ ಬಂದಾಗ ಸಂಘವು ಆಕ್ಷೇಪಿಸಿತು. ಅವರಿಗೆ ಹಣ ಪಾವತಿಸುವುದೇ ಕಷ್ಟವಾಯಿತು. ಕೊನೆಗೆ ನಿರ್ಮಾಪಕರು ಒಂದು ದಾರಿ ಕಂಡುಕೊಂಡರು. ಈ ವಸ್ತುಗಳನ್ನು ಧಾರಾವಾಹಿಗೆಂದು ಆದೇಶ ಕೊಟ್ಟು ಮಾಡಿಸಿದ್ದಲ್ಲ, ಚಾಂಗ್ ಅವರೇ ಸ್ವತಂತ್ರವಾಗಿ ತಯಾರಿಸಿ ಮಾರಾಟಕ್ಕಿಟ್ಟಿದ್ದನ್ನು ಅಂಗಡಿಯ ಸರಕಿನಂತೆ ಕೊಂಡದ್ದು ಎಂದು ದಾಖಲೆಯಲ್ಲಿ ತೋರಿಸಲಾಯಿತು.

ಕಾರ್ಮಿಕರ ಹಕ್ಕುಗಳ ರಕ್ಷಣೆಗೆ ಹುಟ್ಟಿದ ನಿಯಮವೊಂದು ಇಲ್ಲಿ ಸಂಘದ ಹೊರಗಿದ್ದ ಕುಶಲಕರ್ಮಿಯನ್ನು ಮರೆಯಲ್ಲಿರಿಸಿತು. ಧಾರಾವಾಹಿಯ ನಾಮಾವಳಿಯಲ್ಲಿ ಚಾಂಗ್ ಅವರ ಹೆಸರು ಬರಲಿಲ್ಲ. ನಿರ್ಮಾಪಕರಾಗಿದ್ದ ಹರ್ಬರ್ಟ್ ಸೋಲೊ ಮತ್ತು ರಾಬರ್ಟ್ ಜಸ್ಟ್‌ಮನ್ ಅವರು ೧೯೯೬ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಸಂಗತಿಯನ್ನು ವಿವರಿಸಿದ ಬಳಿಕ ಅವರ ಪಾತ್ರವು ಹೆಚ್ಚು ಜನರಿಗೆ ತಿಳಿಯಿತು.

ವಿನ್ಯಾಸದ ಸ್ಫೂರ್ತಿ ಮತ್ತು ವಿಧಾನ

ಚಾಂಗ್ ಅವರ ಕೆಲಸದ ವೈಶಿಷ್ಟ್ಯವನ್ನು ತಿಳಿಯಲು ಅದಕ್ಕೂ ಹಿಂದಿನ ಕಿರಣಬಂದೂಕುಗಳನ್ನು ಗಮನಿಸಬೇಕು. ೧೯೩೦ರ ದಶಕದ 'ಬಕ್ ರೋಜರ್ಸ್' ಮತ್ತು 'ಫ್ಲ್ಯಾಶ್ ಗೋರ್ಡನ್' ಚಿತ್ರಕಥೆಗಳಿಂದ ಪ್ರಚಾರಕ್ಕೆ ಬಂದ ಬಂದೂಕುಗಳಲ್ಲಿ ಮೀನಿನ ಈಜುರೆಕ್ಕೆಯಂತಹ ಪಟ್ಟಿಗಳು, ಉಬ್ಬಿದ ಗೋಳಗಳು, ನಳಿಗೆಯ ಸುತ್ತ ಬಳೆಗಳು ತುಂಬಿದ್ದವು. ಡೈಸಿ ಸಂಸ್ಥೆಯು ೧೯೩೪ರಲ್ಲಿ ಮಾರುಕಟ್ಟೆಗೆ ತಂದ ಬಕ್ ರೋಜರ್ಸ್ ಪಿಸ್ತೂಲು ಈ ಶೈಲಿಯನ್ನು ಮಕ್ಕಳ ಕೈಗೂ ತಲುಪಿಸಿತು. ಇಂತಹ ಆಯುಧಗಳು ರಂಜಕವಾಗಿದ್ದರೂ ಆಟಿಕೆಗಳಂತೆ ಕಾಣುತ್ತಿದ್ದವು. ಫೇಸರ್‌ನಲ್ಲಿ ಈ ಅಲಂಕಾರಗಳು ಬಹುಮಟ್ಟಿಗೆ ಮಾಯವಾದವು. ಪ್ರತಿಯೊಂದು ಗುಂಡಿಗೂ ಒಂದು ಕಾರ್ಯವಿದೆಯೆಂಬ ಭಾವನೆ ಬರುವಂತೆ ಅದನ್ನು ರೂಪಿಸಲಾಗಿತ್ತು.

ಚಾಂಗ್ ಅವರ ಕೃತಿಗಳನ್ನು ಒಟ್ಟಾಗಿ ನೋಡಿದಾಗ ಸ್ಫೂರ್ತಿಯ ಎರಡು ನೆಲೆಗಳು ಎದ್ದುಕಾಣುತ್ತವೆ. ಒಂದು ಪ್ರಕೃತಿ. ಹಲ್ಲಿ, ಇರುವೆ, ಬೇಟೆಹಕ್ಕಿ ಇವುಗಳ ಅಂಗರಚನೆಯನ್ನು ಆಧಾರವಾಗಿಟ್ಟುಕೊಂಡು ಒಂದೆರಡು ಅಂಶಗಳನ್ನು ಮಾತ್ರ ಬದಲಿಸಿದಾಗ ಕಾಲ್ಪನಿಕ ರೂಪವು ನಂಬುವಂತಾಗುತ್ತದೆ. ಇನ್ನೊಂದು ನಿತ್ಯಬಳಕೆಯ ವಸ್ತು. ಮುಚ್ಚಳ ತೆರೆಯುವ ಡಬ್ಬಿ, ಹೆಗಲಿನ ಚೀಲ ಇವುಗಳನ್ನು ಬಳಸುವ ರೀತಿ ನೋಡುಗರಿಗೆ ಮೊದಲೇ ಗೊತ್ತಿರುವುದರಿಂದ, ಅದೇ ರೀತಿಯಲ್ಲಿ ತೆರೆಯುವ ಭವಿಷ್ಯದ ಉಪಕರಣವು ಅಪರಿಚಿತವೆನಿಸುವುದಿಲ್ಲ.

ತಯಾರಿಕೆಯ ಕ್ರಮವೂ ಗಮನಾರ್ಹವಾದುದು. ಇಂತಹ ಪರಿಕರಗಳಿಗೆ ಮೊದಲು ಮರ ಅಥವಾ ಜೇಡಿಮಣ್ಣಿನಲ್ಲಿ ಮೂಲಾಕೃತಿಯನ್ನು ಮಾಡಲಾಗುತ್ತದೆ. ಅದರಿಂದ ಅಚ್ಚು ತೆಗೆದು ಫೈಬರ್‌ಗ್ಲಾಸ್ ಎರಕ ಹೊಯ್ಯಬಹುದು. ಇಲ್ಲವೆ ಬಿಸಿಮಾಡಿ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಆಕೃತಿಯ ಮೇಲೆ ಹೊದಿಸಿ, ಕೆಳಗಿನಿಂದ ಗಾಳಿಯನ್ನು ಹೀರಿ ತೆಗೆದು ತೆಳುವಾದ ಕವಚ ಪಡೆಯಬಹುದು. ಸಮೀಪದ ದೃಶ್ಯಗಳಿಗೆ ಬಿಡಿಭಾಗಗಳು ಚಲಿಸುವ ಒಂದೆರಡು ಉತ್ಕೃಷ್ಟ ಪ್ರತಿಗಳನ್ನೂ, ಸೊಂಟಪಟ್ಟಿಯಲ್ಲಿ ತೂಗುವುದಕ್ಕೂ ಹೊಡೆದಾಟದ ದೃಶ್ಯಗಳಿಗೂ ಹಗುರವಾದ ಸರಳ ಪ್ರತಿಗಳನ್ನೂ ತಯಾರಿಸುವುದು ವಾಡಿಕೆ.

ಮುಂದಿನ ವಿನ್ಯಾಸಗಳೊಂದಿಗೆ ಹೋಲಿಕೆ

೧೯೭೭ರ 'ಸ್ಟಾರ್ ವಾರ್ಸ್' ಚಿತ್ರವು ಭಿನ್ನವಾದ ಮಾರ್ಗವನ್ನು ಹಿಡಿಯಿತು. ಅದರಲ್ಲಿ ಹಾನ್ ಸೋಲೊ ಪಾತ್ರದ ಪಿಸ್ತೂಲಿಗೆ ಜರ್ಮನಿಯ ಮೌಸರ್ ಸಿ೯೬ ಆಧಾರವಾಯಿತು. ಸೈನಿಕರ ಬಂದೂಕುಗಳಿಗೆ ಬ್ರಿಟನ್ನಿನ ಸ್ಟರ್ಲಿಂಗ್ ಬಂದೂಕು ಆಧಾರವಾಯಿತು. ಲ್ಯೂಕ್ ಪಾತ್ರದ ಬೆಳಕಿನ ಖಡ್ಗದ ಹಿಡಿಯು ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ದೀಪದ ಹಿಡಿಯೇ ಆಗಿತ್ತು. ೧೯೮೨ರ 'ಬ್ಲೇಡ್ ರನ್ನರ್' ಚಿತ್ರದ ಪಿಸ್ತೂಲಿನಲ್ಲಿಯೂ ನಿಜವಾದ ಎರಡು ಬಂದೂಕುಗಳ ಭಾಗಗಳನ್ನು ಜೋಡಿಸಲಾಗಿತ್ತು. ಸಿಕ್ಕ ವಸ್ತುಗಳನ್ನು ಜೋಡಿಸುವ ಈ ಕ್ರಮದಿಂದ ಆಯುಧಕ್ಕೆ ತೂಕವೂ ಬಳಸಿ ಸವೆದ ನೈಜತೆಯೂ ಬರುತ್ತದೆ. ಚಾಂಗ್ ಅವರದು ಶಿಲ್ಪಿಯ ಕ್ರಮ. ಆಕಾರವನ್ನು ಮೊದಲಿನಿಂದ ರೂಪಿಸುವುದರಿಂದ ಯಾವ ಕಾಲದ, ಯಾವ ದೇಶದ ಬಂದೂಕಿನ ಗುರುತೂ ಅದರಲ್ಲಿ ಉಳಿಯುವುದಿಲ್ಲ. ಕೈಯಿಂದ ಪರಿಕರ ತಯಾರಿಸುವ ಹವ್ಯಾಸಿಗಳು ಇಂದಿಗೂ ಈ ಎರಡು ಕ್ರಮಗಳನ್ನೂ ಅನುಸರಿಸುತ್ತಾರೆ.

ನಂತರದ ಜೀವನ ಮತ್ತು ನಿಧನ

೧೯೭೦ರಲ್ಲಿ ಚಾಂಗ್ ದಂಪತಿಗಳು ಕ್ಯಾಲಿಫೋರ್ನಿಯಾದ ಕಾರ್ಮೆಲ್ ಕಣಿವೆಗೆ ತೆರಳಿ ನೆಲೆಸಿದರು. ಅದೇ ವರ್ಷ ಡೈನೋಸಾರ್‌ಗಳ ಬಗ್ಗೆ ಅವರು ತಯಾರಿಸಿದ ಶೈಕ್ಷಣಿಕ ಗೊಂಬೆಚಿತ್ರವು ಹೊರಬಂದಿತು. ೧೯೭೪ರಲ್ಲಿ ಆರಂಭವಾದ 'ಲ್ಯಾಂಡ್ ಆಫ್ ದಿ ಲಾಸ್ಟ್' ಎಂಬ ಮಕ್ಕಳ ಧಾರಾವಾಹಿಯ ಡೈನೋಸಾರ್‌ಗಳ ತಯಾರಿಕೆಯಲ್ಲಿಯೂ ಅವರು ಭಾಗಿಯಾದರು.

ಕ್ರಮೇಣ ಅವರು ಚಿತ್ರರಂಗದಿಂದ ದೂರ ಸರಿದು ಕಂಚಿನ ಶಿಲ್ಪಗಳಿಗೆ ತಮ್ಮ ಸಮಯವನ್ನು ಮೀಸಲಿಟ್ಟರು. ಕಾಡುಪ್ರಾಣಿಗಳು ಮತ್ತು ಪಕ್ಷಿಗಳು ಅವರ ಮೆಚ್ಚಿನ ವಸ್ತುಗಳಾಗಿದ್ದವು. ವ್ಯಂಗ್ಯಚಿತ್ರಕಾರ ಹ್ಯಾಂಕ್ ಕೆಚಮ್ ಅವರ 'ಡೆನ್ನಿಸ್' ಪಾತ್ರದ ಕಂಚಿನ ಪ್ರತಿಮೆಯನ್ನು ಮಾಂಟೆರೆ ನಗರದ ಮಕ್ಕಳ ಉದ್ಯಾನಕ್ಕಾಗಿ ಅವರು ರಚಿಸಿದರು. ಅವರ ಜೀವನ ಮತ್ತು ಶಿಲ್ಪಗಳನ್ನು ಕುರಿತ ಗ್ರಂಥವೊಂದನ್ನು ಡೇವಿಡ್ ಬ್ಯಾರೋ ಮತ್ತು ಗ್ಲೆನ್ ಚಾಂಗ್ ಸೇರಿ ೧೯೮೯ರಲ್ಲಿ ಪ್ರಕಟಿಸಿದರು.

ಗ್ಲೆನ್ ಅವರು ೧೯೯೭ರಲ್ಲಿ ನಿಧನರಾದರು. ವಾ ಚಾಂಗ್ ಅವರು ೨೦೦೩ರ ಡಿಸೆಂಬರ್ ೨೨ರಂದು ತಮ್ಮ ೮೬ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದರು.

ಪ್ರಭಾವ

೧೯೯೬ರಲ್ಲಿ ಮೋಟೊರೋಲಾ ಸಂಸ್ಥೆಯು ಮಡಚಬಹುದಾದ 'ಸ್ಟಾರ್‌ಟ್ಯಾಕ್' ದೂರವಾಣಿಯನ್ನು ಬಿಡುಗಡೆ ಮಾಡಿದಾಗ ಅದನ್ನು ಹಲವರು ಕಮ್ಯುನಿಕೇಟರ್‌ಗೆ ಹೋಲಿಸಿದರು. ರೋಗಪರೀಕ್ಷೆಯ ಕೈಉಪಕರಣಗಳನ್ನು ವರ್ಣಿಸಲು ಟ್ರೈಕಾರ್ಡರ್ ಎಂಬ ಹೆಸರನ್ನು ಇಂದಿಗೂ ಬಳಸಲಾಗುತ್ತದೆ. ಉಳಿದುಬಂದಿರುವ ಮೂಲ ಪರಿಕರಗಳ ಅಳತೆ, ಬಣ್ಣ, ಜೋಡಣೆಗಳನ್ನು ಅಭ್ಯಾಸಮಾಡಿ ಹವ್ಯಾಸಿಗಳು ಅವುಗಳ ಪ್ರತಿರೂಪಗಳನ್ನು ಮರ, ರಾಳ ಮತ್ತು ತ್ರಿ-ಆಯಾಮ ಮುದ್ರಣದಿಂದ ತಯಾರಿಸುತ್ತಾರೆ. ಮುಂದಿನ 'ಸ್ಟಾರ್ ಟ್ರೆಕ್' ಧಾರಾವಾಹಿಗಳು ಮತ್ತು ಚಲನಚಿತ್ರಗಳಲ್ಲಿ ಈ ಉಪಕರಣಗಳ ರೂಪ ಹಲವು ಬಾರಿ ಬದಲಾಗಿದ್ದರೂ, ಎರಡು ಭಾಗಗಳ ಫೇಸರ್, ಮುಚ್ಚಳ ತೆರೆಯುವ ಕಮ್ಯುನಿಕೇಟರ್ ಮತ್ತು ಹೆಗಲಿಗೆ ತೂಗುವ ಟ್ರೈಕಾರ್ಡರ್ ೧೯೬೬ರ ಮೂಲ ಧಾರಾವಾಹಿಯ ಗುರುತುಗಳಾಗಿ ಉಳಿದಿವೆ.